ಹಳೇ ಕಂಪ್ಯೂಟರ್ ರಿಪೇರಿಗೆ ಹುಬ್ಬಳ್ಳಿಯ ಈ ಟಿವಿ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೆ 1980ರ ದಶಕದ ಕಂಪ್ಯೂಟರ್ ಏನಾದರೂ ಬಿದ್ದಿದ್ದರೆ ಅದನ್ನು ಲ್ಯಾಪ್‌ಟಾಪ್ ಸರ್ವಿಸ್ ಅಂಗಡಿಗೆ ಒಯ್ಯಬೇಡಿ. ಪಿಕ್ಚರ್ ಟ್ಯೂಬ್ ಇದ್ದ ಟಿವಿ, ಟೇಪ್ ರೆಕಾರ್ಡರ್, ವಿಸಿಆರ್ ಬಿಚ್ಚಿ ಜೋಡಿಸಿ ಪಳಗಿದ ಕೈ ಹುಡುಕಿ. ಹುಬ್ಬಳ್ಳಿಯಲ್ಲಿ ಅಂಥವರು ಇನ್ನೂ ಇದ್ದಾರೆ. ಕೊಪ್ಪಿಕರ್ ರಸ್ತೆಯಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿ, ಮೊದಲ ಮಹಡಿಯ ಮೇಲೆ, ಬೋರ್ಡೇ ಇಲ್ಲದ ಅಂಗಡಿಯಲ್ಲಿ ಕೂತಿರುವ ಕಾಕಾ ಒಬ್ಬರ ಕೆಲಸದ ಬಗ್ಗೆ ಈ ರಿವ್ಯೂ. ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ. "ಮಂದಿ ಭಾಳ ಬಂದ್ರ ಕೆಲಸ ಯಾರ್ ಮಾಡವ್ರು?" ಅಂದರು. ಹಾಗಾಗಿ ಹಾಕಿಲ್ಲ. ಹಳೇ ಟಿವಿ ರಿಪೇರಿ ಕಾಕಾ ಎಲ್ಲಿ ಅಂತ ಅಲ್ಲಿ ಯಾರನ್ನಾದರೂ ಕೇಳಿ, ತೋರಿಸುತ್ತಾರೆ.

ನಾನು ಒಯ್ದದ್ದು ಬಿಬಿಸಿ ಮೈಕ್ರೋ ಮಾಡೆಲ್ ಬಿ. ಗದಗದಲ್ಲಿ ಶಾಲಾ ಮಾಸ್ತರರಾಗಿದ್ದ ನನ್ನ ಸೋದರಮಾವ, ಶಾಲೆಯವರು ಹಳೇ ಸಾಮಾನು ಹರಾಜು ಹಾಕಿದಾಗ ಗುಜರಿ ರೇಟಿಗೆ ಕೊಂಡು ಇಟ್ಟಿದ್ದರು. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಕೊನೆಗೆ ತಂದ ಯಂತ್ರ. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 32 ಕೆಬಿ ಮೆಮೊರಿ, ಕೀಬೋರ್ಡ್ ಒಳಗೇ ಇಡೀ ಕಂಪ್ಯೂಟರ್. ನಮ್ಮ ಕೇಂದ್ರ ಸರಕಾರ 1984-85ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸಲು 'ಕ್ಲಾಸ್' ಅಂತ ಯೋಜನೆ ಶುರು ಮಾಡಿದಾಗ ಆರಿಸಿದ್ದು ಇದನ್ನೇ. ಆಮೇಲೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇದನ್ನೇ ಯುನಿಕಾರ್ನ್ ಅನ್ನೋ ಹೆಸರಲ್ಲಿ ಜೋಡಿಸಿ ಮಾರಿದರು. ಅದೇ ಏಕಾರ್ನ್ ಮುಂದೆ ಎಆರ್‌ಎಂ ಪ್ರೊಸೆಸರ್ ಮಾಡಿತು. ಈಗ ನಿಮ್ಮ ಕೈಯಲ್ಲಿರುವ ಮೊಬೈಲ್ ಒಳಗೆ ಇರುವುದು ಅದರ ವಂಶದ್ದೇ.

ಯಂತ್ರದ ಜೊತೆ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ಐದೂಕಾಲು ಇಂಚಿನ ಎರಡು ಫ್ಲಾಪಿ ಡ್ರೈವ್, ಅಂದರೆ ಕವರಿನೊಳಗಿನ ತೆಳು ಕಾಂತೀಯ ತಟ್ಟೆಯ (ಫ್ಲಾಪಿ) ಮೇಲೆ 'ಹೆಡ್' ಎಂಬ ಭಾಗದಿಂದ ಫೈಲು ಬರೆದು ಓದುವ ಸಾಧನ. ಎರಡೂ ಟ್ಯಾಂಡನ್ ಟಿಎಂ100-1, ಅಂದರೆ ಒಂದೇ ಬದಿ ಓದುವ, 40 ಟ್ರ್ಯಾಕಿನ (ತಟ್ಟೆಯ ಮೇಲಿನ ಬರಹದ ಸುತ್ತುಗಳು), ಬೆಲ್ಟ್ ಮೇಲೆ ತಿರುಗುವ ಡ್ರೈವ್. ಐಬಿಎಂನ ಮೊದಲ ಪಿಸಿಯಲ್ಲೂ ಇದೇ ಮಾದರಿ ಇತ್ತು. ಟ್ಯಾಂಡನ್ ಕಂಪನಿ ಕಟ್ಟಿದವರು ಭಾರತದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಟ್ಯಾಂಡನ್ ಅನ್ನುವವರೇ.

ಮೊದಲು ನಾನು ಧಾರವಾಡದಲ್ಲೇ ಒಂದು ಲ್ಯಾಪ್‌ಟಾಪ್ ಅಂಗಡಿಗೆ ತೋರಿಸಿದ್ದೆ. ಎಸಿ ಇದೆ, ಟೋಕನ್ ಇದೆ, ಯೂನಿಫಾರ್ಮ್ ಹಾಕಿದ ಹುಡುಗರಿದ್ದಾರೆ. ಸ್ಕ್ರೂ ಕೂಡ ಬಿಚ್ಚದೆ "ಮದರ್‌ಬೋರ್ಡ್ ಹೋಗಿದೆ ಸರ್, ಸ್ಕ್ರ್ಯಾಪ್‌ಗೆ ಹಾಕಿ" ಅಂದರು. ಹಾಕದೇ ಇದ್ದರೆ ಅವರೇ ತೊಗೊಳ್ಳುತ್ತಾರಂತೆ, ಐನೂರು ರೂಪಾಯಿಗೆ. ಮೇಲೆ ಒಂದು ಫ್ಲಾಪಿ ಕೇಬಲ್ ಬೇರೆ ಮಾರಿದರು, ಅದರ ಕಥೆ ಮುಂದೆ ಬರುತ್ತದೆ.

ಹುಬ್ಬಳ್ಳಿ ಕಾಕಾ ಕೇಳಿದ ಮೊದಲ ಪ್ರಶ್ನೆಯೇ ಬೇರೆ. "ಹಚ್ಚಿ ನೋಡೀರೇನ್ರಿ?"

ಇಲ್ಲ ಅಂದೆ.

"ಛಲೋ ಮಾಡೀರಿ. ಹಚ್ಚಿದ್ರ ಮನೀ ತುಂಬ ಹೊಗಿ."

ಈ ಒಂದು ಮಾತಿಗೇ ನಾನು ಅರ್ಧ ಸ್ಟಾರ್ ಜಾಸ್ತಿ ಕೊಡುತ್ತೇನೆ. ಯಾಕೆಂದರೆ ಬಿಬಿಸಿ ಮೈಕ್ರೋ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ ಅದು. ಪವರ್ ಸಪ್ಲೈ ಒಳಗೆ, ಕರೆಂಟ್ ಬರುವ ಬಾಗಿಲಲ್ಲೇ, ಕರೆಂಟಿನ ಗದ್ದಲ (ನಾಯ್ಸ್) ತಡೆಯಲು ಹಾಕಿದ ರಿಫಾ ಕಂಪನಿಯ ಎರಡು ಕೆಪಾಸಿಟರ್ ಇರುತ್ತವೆ. ಒಳಗೆ ಕಾಗದ, ಹೊರಗೆ ಹಳದಿ ಮಿಶ್ರಿತ ಪಾರದರ್ಶಕ ಕವಚ. ವರ್ಷ ಕಳೆದಂತೆ ಕವಚ ಸಣ್ಣಗೆ ಬಿರಿಯುತ್ತದೆ, ಒಳಗಿನ ಕಾಗದ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಒಂದು ದಿನ 230 ವೋಲ್ಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಠುಸ್ ಅಂತ ಒಡೆದು ಗಬ್ಬು ನಾರುವ ಹೊಗೆ ಬಿಡುತ್ತದೆ. ಕಾಕಾ ಬಿಬಿಸಿ ಮೈಕ್ರೋ ಅನ್ನುವುದನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದರು. ಆದರೆ ಈ ಕೆಪಾಸಿಟರನ್ನು ಹಳೇ ವಿದೇಶಿ ಯಂತ್ರಗಳಲ್ಲಿ ಬೇಕಾದಷ್ಟು ನೋಡಿದ್ದರು. ಸಪ್ಲೈ ಡಬ್ಬಿ ಬಿಚ್ಚಿ, ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಕವಚದ ಮೇಲಿನ ಬಿರುಕು ತೋರಿಸಿದರು. ಎರಡನ್ನೂ ಕಿತ್ತು, ಅದೇ ಅಳತೆಯ ಎಕ್ಸ್2 ದರ್ಜೆಯ ಪ್ಲಾಸ್ಟಿಕ್ ಕೆಪಾಸಿಟರ್ ಹಾಕಿದರು. ಇಲ್ಲಿ ಎಕ್ಸ್2 ಅನ್ನುವುದನ್ನು ಗಮನಿಸಿ. ಸುಮ್ನೆ ಸಿಕ್ಕಿದ್ದು ಹಾಕುವ ಜಾಗ ಅಲ್ಲ ಅದು, ಮೇನ್ಸ್ ಮೇಲೆ ನೇರವಾಗಿ ಕೂರುತ್ತದೆ. ಕಾಕಾಗೆ ಹೇಳಿಕೊಡಬೇಕಾಗಲಿಲ್ಲ.

ಆಮೇಲೆ ಸೀರೀಸ್ ಬಲ್ಬ್. ಹಳೇ ಟಿವಿ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಇದು ಇದ್ದೇ ಇರುತ್ತದೆ. ನೂರು ವ್ಯಾಟಿನ ಬಲ್ಬ್ ಒಂದನ್ನು ದಾರಿಯಲ್ಲಿ ಹಾಕಿ ಅದರ ಮೂಲಕ ಯಂತ್ರಕ್ಕೆ ಕರೆಂಟ್ ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂದ ಆಯಿತು. ಮೀಟರ್ ಇಟ್ಟು 5 ವೋಲ್ಟ್ ಸರಿ ಇದೆ ಅಂತ ನೋಡಿಯೇ ಬೋರ್ಡಿಗೆ ಜೋಡಿಸಿದ್ದು. ಸ್ವಿಚ್ ಹಾಕಿದರೆ 'ಬೂಂ' ಅಂತ ಉದ್ದದ ಶಬ್ದ ಬಂತು, ಅಷ್ಟೇ. ಸರಿ ಇರುವ ಬಿಬಿಸಿ ಮೈಕ್ರೋ ಆ ಉದ್ದದ ಶಬ್ದದ ಹಿಂದೆಯೇ ಒಂದು ಸಣ್ಣ 'ಪೀಪ್' ಕೊಡಬೇಕು. ಇದು ಕೊಡಲಿಲ್ಲ. ಕಾಕಾ ಸಾಕೆಟ್ ಮೇಲೆ ಕೂತ ಚಿಪ್‌ಗಳನ್ನು ಒಂದೊಂದಾಗಿ ಎತ್ತಿ, ಕಾಲು ಒರೆಸಿ, ಒತ್ತಿ ಕೂರಿಸಿದರು. ಪೀಪ್ ಬಂತು. ಹಳೇ ಯಂತ್ರಗಳ ಅರ್ಧ ಕಾಯಿಲೆ ಇಷ್ಟೇ, ಸಾಕೆಟ್ ಒಳಗೆ ಕಿಲುಬು.

ಸ್ಕ್ರೀನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದೆ ಬಿಎನ್‌ಸಿ ಸಾಕೆಟ್ ಇರುತ್ತದೆ, ಸಿಸಿ ಕ್ಯಾಮೆರಾ ಹಾಕುವವರ ಹತ್ತಿರ ಸಿಗುವ ಕನ್ವರ್ಟರ್ ಪಿನ್ ಸಾಕು, ಮನೆಯ ಎಲ್‌ಸಿಡಿ ಟಿವಿಯ ಹಳದಿ ತೂತಿಗೆ ಚುಚ್ಚಿದರೆ ಚಿತ್ರ ಬರುತ್ತದೆ. ಕಪ್ಪು ಬಿಳುಪು ಬಂತು ಅಂತ ಗಾಬರಿ ಆಗಬೇಡಿ. ಕಂಪನಿಯಿಂದ ಬರುವಾಗಲೇ ಅದು ಹಾಗೆ. ಬೋರ್ಡ್ ಮೇಲೆ ಒಂದು ಲಿಂಕ್ ಜೋಡಿಸಿದರೆ ಬಣ್ಣ ಬರುತ್ತದೆ.

ಈಗ ನಿಜವಾದ ತಲೆನೋವು, ಡ್ರೈವ್.

ಕೇಬಲ್‌ನಿಂದ ಶುರು ಮಾಡುತ್ತೇನೆ. ಆ ಲ್ಯಾಪ್‌ಟಾಪ್ ಅಂಗಡಿಯವರು ಕೊಟ್ಟದ್ದು ಪಿಸಿ ಕೇಬಲ್, ಮಧ್ಯದಲ್ಲಿ ಏಳು ತಂತಿ ತಿರುಚಿದ್ದು. ಐಬಿಎಂ ಪಿಸಿಯಲ್ಲಿ ಎರಡೂ ಡ್ರೈವ್‌ನ ಜಂಪರ್ (ಡ್ರೈವ್‌ಗೆ ನಂಬರ್ ಕೊಡುವ ಚಿಕ್ಕ ಪಿನ್ ಜೋಡಣೆ) ಒಂದೇ ಥರ ಇಟ್ಟು, ತಿರುವಿನಿಂದ ಎ ಯಾವುದು ಬಿ ಯಾವುದು ಅಂತ ಬೇರೆ ಮಾಡುತ್ತಿದ್ದರು. ಬಿಬಿಸಿಗೆ ಬೇಕಾದದ್ದು ನೆಟ್ಟಗಿನ 34 ತಂತಿಯ ಕೇಬಲ್, ಯಾವ ಡ್ರೈವ್ ಸೊನ್ನೆ ಯಾವುದು ಒಂದು ಅನ್ನುವುದು ಡ್ರೈವ್ ಮೇಲಿನ ಜಂಪರಿನಲ್ಲೇ ನಿರ್ಧಾರ. ತಿರುಚಿದ ಕೇಬಲ್ ಹಾಕಿದರೆ ಒಂದಕ್ಕೆ ಹೇಳಿದ ಮಾತು ಇನ್ನೊಂದಕ್ಕೆ ಹೋಗುತ್ತದೆ, ಇಲ್ಲವೇ ಯಾವುದಕ್ಕೂ ಹೋಗುವುದಿಲ್ಲ. ಕಾಕಾ ನೋಡಿದ ಕೂಡಲೇ ಅದನ್ನು ಪಕ್ಕಕ್ಕೆ ಎಸೆದು, ಹೊಸ ಪಟ್ಟಿ ಕೇಬಲ್ ಕತ್ತರಿಸಿ ಕನೆಕ್ಟರ್ ಒತ್ತಿ ಕೊಟ್ಟರು. ಇನ್ನೊಂದು ಗುರುತು ನೆನಪಿಡಿ. ಸ್ವಿಚ್ ಹಾಕಿದ ಕೂಡಲೇ ಡ್ರೈವ್ ದೀಪ ಹತ್ತಿ, ಆರದೇ ಹಾಗೇ ಉರಿಯುತ್ತಿದ್ದರೆ ಕೇಬಲ್ ಉಲ್ಟಾ ಚುಚ್ಚಿದ್ದೀರಿ.

ಡ್ರೈವ್ ಬೋರ್ಡಿನ ಅಂಚಿನ ಸಂಪರ್ಕಗಳು ಕಪ್ಪಾಗಿದ್ದವು. ಶಾಲೆ ಹುಡುಗರ ಪೆನ್ಸಿಲ್ ರಬ್ಬರ್ ತೊಗೊಂಡು ಉಜ್ಜಿದರು, ಚಿನ್ನದ ಬಣ್ಣ ಬಂತು.

ಎರಡನೇ ಡ್ರೈವ್ ಸೀರೀಸ್ ಬಲ್ಬ್ ಪರೀಕ್ಷೆಯಲ್ಲೇ ಕೈ ಕೊಟ್ಟಿತು. ಮೀಟರ್ ಇಟ್ಟರೆ 12 ವೋಲ್ಟ್ ಗೆರೆ ನೆಲಕ್ಕೆ ಶಾರ್ಟ್. ಕಾರಣ ಒಂದು ಟ್ಯಾಂಟಲಮ್ ಕೆಪಾಸಿಟರ್, ಕಾಳಿನಷ್ಟು ದಪ್ಪದ್ದು. ಈ ಜಾತಿ ಸತ್ತರೆ ಸುಮ್ಮನೆ ಸಾಯುವುದಿಲ್ಲ, ಶಾರ್ಟ್ ಆಗಿ ಸಾಯುತ್ತದೆ, ಕೆಲವು ಸಲ ಉರಿದು ಸಿಡಿಯುತ್ತದೆ. ಬದಲಾಯಿಸಿದ ಮೇಲೆ ಮೋಟಾರ್ ತಿರುಗಿತು, ಆದರೆ ಹೆಡ್ ಹಿಂದಕ್ಕೆ ಬಂದು ಸೊನ್ನೆ ಟ್ರ್ಯಾಕ್ ಮುಟ್ಟಿದೆ ಅನ್ನುವುದನ್ನು ಯಂತ್ರಕ್ಕೆ ಹೇಳುವ ಸೆನ್ಸರ್ ಕೆಲಸ ಮಾಡುತ್ತಿಲ್ಲ. ಹಾಗಾಗಿ ಅದು ಹಿಂದೆ ಹೋಗು ಹೋಗು ಅಂತ ಗೋಡೆಗೆ ಬಡಿಯುತ್ತಾ ಕಟಕಟ ಅನ್ನುತ್ತದೆ. ಇವತ್ತಿಗೂ ಅದು ರಿಪೇರಿ ಆಗಿಲ್ಲ. ಅದನ್ನು ತೆಗೆದಾಗ ಸಾಲಿನ ಕೊನೆಯ ಡ್ರೈವ್‌ನಲ್ಲಿ ಇರಬೇಕಾದ ಟರ್ಮಿನೇಟರ್ ರೆಸಿಸ್ಟರ್ ಗುಚ್ಛವನ್ನು (ಕೇಬಲ್ ತುದಿಯಲ್ಲಿ ಸಂಕೇತ ಕೆಡದಂತೆ ನೋಡಿಕೊಳ್ಳುವುದು) ಮೊದಲ ಡ್ರೈವ್‌ಗೆ ಬದಲಿಸಬೇಕು. ಇದು ಮರೆತರೆ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ, ತಲೆ ಕೆಟ್ಟು ಹೋಗುತ್ತದೆ.

ಮೊದಲ ಡ್ರೈವ್‌ನ ಕೆಲಸ ನೋಡಲು ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಹೆಡ್ ಜಾರುವ ಎರಡು ಉಕ್ಕಿನ ಸರಳುಗಳ ಮೇಲಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಬೆರಳಿಂದ ದೂಡಿದರೂ ಹೆಡ್ ಅಲ್ಲಾಡುತ್ತಿರಲಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಡ್ಸ್‌ನಿಂದ ಸರಳು ಪೂರ್ತಿ ಸ್ವಚ್ಛ ಆಗುವವರೆಗೆ ಒರೆಸಿ, ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಸೂಜಿ ತುದಿಯಲ್ಲಿ ಮುಟ್ಟಿಸಿದರು. ಹಳೇ ಗ್ರೀಸ್ ಮೇಲೆಯೇ ಎಣ್ಣೆ ಸುರಿಯುವವರು ಇದ್ದಾರೆ. ಆ ಎಣ್ಣೆ ಹರಿದು ಬೆಲ್ಟ್‌ಗೋ ಫ್ಲಾಪಿಗೋ ತಗಲಿದರೆ ಮುಗಿಯಿತು. ಬೆಲ್ಟ್ ಹರಿದಿರಲಿಲ್ಲ, ಆದರೆ ಹೊಳಪು ಬಂದು ಜಾರುತ್ತಿತ್ತು. ಅದನ್ನೂ ಒರೆಸಿ ಮತ್ತೆ ಹಾಕಿದರು. ಒಂದೇ ಬದಿಯ ಡ್ರೈವ್ ಆದ್ದರಿಂದ ಮೇಲೆ ಎರಡನೇ ಹೆಡ್ ಇರುವುದಿಲ್ಲ, ಫ್ಲಾಪಿಯನ್ನು ಕೆಳಗಿನ ಹೆಡ್‌ಗೆ ಒತ್ತಿ ಹಿಡಿಯುವ ಚಿಕ್ಕ ಬಟ್ಟೆಯ ಪ್ಯಾಡ್ ಇರುತ್ತದೆ. ಅದರ ಮೇಲೆ ಕಂದು ಪುಡಿ ಹತ್ತಿತ್ತು, ಯಾವುದೋ ಫ್ಲಾಪಿಯ ಕಾಂತೀಯ ಲೇಪ ಕೆರೆದು ಬಂದದ್ದು. ಅಂಥ ಪ್ಯಾಡ್ ಇಟ್ಟುಕೊಂಡು ಇನ್ನೊಂದು ಫ್ಲಾಪಿ ಹಾಕಿದರೆ ಅದನ್ನೂ ಕೆರೆಯುತ್ತದೆ. ಹೊಸ ಫೆಲ್ಟ್ ತುಂಡು ಕತ್ತರಿಸಿ ಅಂಟಿಸಿದರು.

ಇಷ್ಟಾದ ಮೇಲೂ ಫ್ಲಾಪಿಯ ಫೈಲು ಪಟ್ಟಿ ತೋರಿಸುವ ಸ್ಟಾರ್ ಕ್ಯಾಟ್ (*CAT) ಆಜ್ಞೆ ಟೈಪ್ ಮಾಡಿದರೆ 'ಡಿಸ್ಕ್ ಫಾಲ್ಟ್ 18' ಬಂತು. ಹಾಗೆಂದರೆ ಹುಡುಕಿದ ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಸಿಗಲಿಲ್ಲ ಅಂತ. ಫ್ಲಾಪಿ ಕೆಟ್ಟಿರಬಹುದು, ಹೆಡ್ ಕೊಳೆ ಇರಬಹುದು, ವೇಗ ತಪ್ಪಿರಬಹುದು. ಇಲ್ಲಿ ಕಾಕಾ ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಡ್ರೈವ್ ಅಡ್ಡ ಮಲಗಿಸಿ, ಅಂಗಡಿಯ ಎಲ್‌ಇಡಿ ಆರಿಸಿ, ಮೂಲೆಯಲ್ಲಿದ್ದ ಹಳೇ ಟ್ಯೂಬ್‌ಲೈಟ್ ಹಚ್ಚಿದರು. ಅದು ಕಬ್ಬಿಣದ ಚೋಕ್ ಇರುವ, ಸ್ಟಾರ್ಟರ್ ಇರುವ ಟ್ಯೂಬ್‌ಲೈಟ್. ಡ್ರೈವ್ ಅಡಿಯ ಚಕ್ರದ ಮೇಲೆ ಕಪ್ಪು ಗೆರೆಗಳ ಎರಡು ಉಂಗುರ ಅಚ್ಚಾಗಿರುತ್ತವೆ, ಒಂದು 60 ಹರ್ಟ್ಸ್ ಕರೆಂಟ್ ಇರುವ ದೇಶಕ್ಕೆ, ಇನ್ನೊಂದು ನಮ್ಮಂಥ 50 ಹರ್ಟ್ಸ್ ದೇಶಕ್ಕೆ. 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಡ್ರೈವ್ ಸರಿಯಾಗಿ ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಆ ಬೆಳಕಿನಲ್ಲಿ 50ರ ಉಂಗುರದ ಗೆರೆಗಳು ನಿಂತಲ್ಲೇ ನಿಂತಂತೆ ಕಾಣಬೇಕು. ನಮ್ಮದರಲ್ಲಿ ಗೆರೆಗಳು ಹಿಂದಕ್ಕೆ ಹರಿಯುತ್ತಿದ್ದವು, ಅಂದರೆ ವೇಗ ಕಮ್ಮಿ. ಮೋಟಾರ್ ವೇಗ ನೋಡಿಕೊಳ್ಳುವ ಸರ್ವೋ ಬೋರ್ಡ್ ಮೇಲಿನ ಚಿಕ್ಕ ತಿರುಗಣೆ, ಪ್ರಿಸೆಟ್ ಅನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರು. ಹರಿವು ನಿಧಾನ ಆಯಿತು, ತಡವರಿಸಿತು, ನಿಂತಿತು. ತಪ್ಪಿ 60ರ ಉಂಗುರ ನೋಡಿ ನಿಲ್ಲಿಸಿದ್ದರೆ ವೇಗ 250ಕ್ಕೆ ಬಂದು ಕೂರುತ್ತಿತ್ತು, ಬೇರೆ ಕಡೆ ಬರೆದ ಒಂದು ಫ್ಲಾಪಿಯನ್ನೂ ಓದುತ್ತಿರಲಿಲ್ಲ. ಕಾಕಾ ರೆಕಾರ್ಡ್ ಪ್ಲೇಯರ್‌ಗಳನ್ನು ಹೀಗೇ ಸರಿ ಮಾಡುತ್ತಿದ್ದರಂತೆ. ಲ್ಯಾಪ್‌ಟಾಪ್ ಅಂಗಡಿಗೆ ಹೋಗಬೇಡಿ ಅಂದದ್ದು ಇದಕ್ಕೇ.

ಹೆಡ್ ಅಲೈನ್‌ಮೆಂಟ್, ಅಂದರೆ ಹೆಡ್ ಟ್ರ್ಯಾಕಿನ ಮೇಲೆ ನೆಟ್ಟಗೆ ಕೂರುವಂತೆ ಹೊಂದಿಸುವುದನ್ನು ಮಾತ್ರ ಅವರು ಮುಟ್ಟಲಿಲ್ಲ. ಆಸಿಲೋಸ್ಕೋಪ್ ಇದೆ, ಆದರೆ ಅದಕ್ಕೆ ಬೇಕಾದ ವಿಶೇಷ ಅಲೈನ್‌ಮೆಂಟ್ ಫ್ಲಾಪಿ ಇಲ್ಲ. "ಅದನ್ನ ಅಂದಾಜ್ ಮ್ಯಾಲೆ ತಿರಗ್ಸಂಗಿಲ್ರಿ" ಅಂದರು. ಸರಿಯಾದ ಮಾತು. ಅಂದಾಜಿನಲ್ಲಿ ತಿರುಗಿಸಿದರೆ ಆ ಡ್ರೈವ್ ತಾನು ಬರೆದದ್ದನ್ನು ಮಾತ್ರ ತಾನು ಓದಿಕೊಳ್ಳುತ್ತದೆ. ಗೊತ್ತಿಲ್ಲದ್ದನ್ನು ಮುಟ್ಟದ ಮೆಕ್ಯಾನಿಕ್ ಸಿಗುವುದು ಕಷ್ಟ, ಅಲ್ವಾ?

ಫ್ಲಾಪಿಗಳ ಕಥೆ ಬೇರೆ. ಮಾವನ ಫ್ಲಾಪಿಗಳನ್ನು ಧಾರವಾಡದ ಮನೆಯಲ್ಲೇ ಇಟ್ಟಿದ್ದೆವು. ಇಲ್ಲಿನ ಮಳೆಗಾಲ ಗೊತ್ತಲ್ಲ, ಬೀರುವಿನ ಒಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಫ್ಲಾಪಿಯ ಉದ್ದ ಕಿಂಡಿಯಲ್ಲಿ ಕೈಯಿಂದ ತಿರುಗಿಸುತ್ತಾ ನೋಡಿದರೆ ಬಿಳಿ ಚುಕ್ಕೆ ಕಂಡವು. ಬೂಷ್ಟು ಇರುವ ಫ್ಲಾಪಿಯನ್ನು ಡ್ರೈವ್‌ಗೆ ಹಾಕಲೇಬೇಡಿ, ಹೆಡ್ ಕೊಳೆಯಾಗುತ್ತದೆ, ಲೇಪ ಕಿತ್ತುಬರುತ್ತದೆ, ಎರಡೂ ಹಾಳು. ಕವರಿನ ಒಂದು ಅಂಚು ಕತ್ತರಿಸಿ, ಒಳಗಿನ ತೆಳು ತಟ್ಟೆ ತೆಗೆದು, ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಬೇರೆ ಒಳ್ಳೇ ಕವರಿಗೆ ಹಾಕಿ ಓದಿಸಬೇಕು. ಇದನ್ನು ಮನೆಯಲ್ಲೇ ಮಾಡಿದೆ. ಎಲ್ಲವೂ ಬದುಕಲಿಲ್ಲ, ಜಾಸ್ತಿ ಪಾಲು ಬದುಕಿದವು. ಒಂದು ಫ್ಲಾಪಿಗೆ 100 ಕೆಬಿ, ಹೆಚ್ಚೆಂದರೆ 31 ಫೈಲು, ಹೆಸರಿಗೆ ಏಳೇ ಅಕ್ಷರ. ಹಾಗಾಗಿ ಮಾವನ ಪಟ್ಟಿಯಲ್ಲಿ ಮಾರ್ಕ್ಸ್8ಎ, ಮಾರ್ಕ್ಸ್8ಬಿ, ಫೀಸ್, ಅಟೆಂಡ್ ಇಂಥವೇ. ಒಂದರಲ್ಲಿ ಎಂಟನೇ ಕ್ಲಾಸಿನ ಗಣಿತದ ಅಂಕ ಕೂಡಿಸುವ ಬೇಸಿಕ್ ಪ್ರೋಗ್ರಾಮ್. 35ಕ್ಕಿಂತ ಕಮ್ಮಿ ಬಂದರೆ ಯಂತ್ರ ಪೀಪ್ ಅನ್ನುತ್ತದೆ. ಮಾವ ಈಗಲೂ ಅದನ್ನು ಕೇಳಿ ನಗುತ್ತಾರೆ, ಪಾಪ ಆ ಹುಡುಗರು.

ಹೊಸ ಫ್ಲಾಪಿ ಆನ್‌ಲೈನ್‌ನಲ್ಲಿ ತರಿಸುವವರು ಡಬಲ್ ಡೆನ್ಸಿಟಿಯನ್ನೇ ಕೇಳಿ ತರಿಸಿ. 1.2 ಎಂಬಿಯ ಹೈ ಡೆನ್ಸಿಟಿ ಫ್ಲಾಪಿಯ ಲೇಪವೇ ಬೇರೆ, ಈ ಡ್ರೈವ್‌ಗಳ ಬರಹ ಅದರ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ.

ಓದಿದ ಫ್ಲಾಪಿಗಳನ್ನೆಲ್ಲ ಕೂಡಲೇ ನಕಲು ಮಾಡಿಕೊಂಡೆ. ಅದಕ್ಕೆ ಗ್ರೀಸ್‌ವೀಸಲ್ ಅನ್ನುವ ಚಿಕ್ಕ ಬೋರ್ಡ್ ಇದೆ, ಹಳೇ ಡ್ರೈವನ್ನು ಯುಎಸ್‌ಬಿ ಮೂಲಕ ಇವತ್ತಿನ ಕಂಪ್ಯೂಟರಿಗೆ ಜೋಡಿಸುತ್ತದೆ. ದಿನದ ಬಳಕೆಗೆ ಗೋಟೆಕ್ ತೊಗೊಂಡೆ. ಇದು ಡ್ರೈವ್ ವೇಷದ ಡಬ್ಬಿ, ಮುಂದೆ ಪೆನ್‌ಡ್ರೈವ್ ಚುಚ್ಚಬೇಕು, ಬಿಬಿಸಿಗೆ ಅದು ಫ್ಲಾಪಿ ಅಂತಲೇ ಕಾಣುತ್ತದೆ. ನನಗೆ ಎರಡೂವರೆ ಸಾವಿರ ಚಿಲ್ಲರೆ ಬಿತ್ತು. ಡಬ್ಬಿಯಿಂದ ತೆಗೆದ ಹಾಗೇ ಹಾಕಿದರೆ ನಡೆಯುವುದಿಲ್ಲ, ಅದರ ಮೂಲ ಸಾಫ್ಟ್‌ವೇರ್ ಪಿಸಿ ಫ್ಲಾಪಿಗೆ ಮಾತ್ರ. ಕೀರ್ ಫ್ರೇಸರ್ ಅನ್ನುವವರು ಬರೆದು ಉಚಿತವಾಗಿ ಕೊಟ್ಟ ಫ್ಲಾಶ್‌ಫ್ಲಾಪಿ ಅದಕ್ಕೆ ಹಾಕಬೇಕು. ಗ್ರೀಸ್‌ವೀಸಲ್ ಕೂಡ ಅವರದ್ದೇ. ಗೋಟೆಕ್ ಚೆನ್ನಾಗಿದೆ, ದುಡ್ಡಿಗೆ ಮೋಸ ಇಲ್ಲ, ಆದರೆ ಕಟಕಟ ಶಬ್ದ ಇಲ್ಲದೆ ಮಜಾ ಬರುವುದಿಲ್ಲ. ಗೋಟೆಕ್ ಬಂತು ಅಂತ ನಿಜವಾದ ಡ್ರೈವ್ ಎಸೆಯಬೇಡಿ. ಅಟ್ಟದಲ್ಲಿ ಇನ್ನೊಂದು ಫ್ಲಾಪಿ ಸಿಕ್ಕರೆ ಅದನ್ನು ಓದುವುದು ಯಾವುದರಲ್ಲಿ?

ಇನ್ನು ಕಾಕಾ ಅಂಗಡಿಯ ದೂರುಗಳು. ಒಂದು ಸ್ಟಾರ್ ಕಳೆದದ್ದು ಸುಮ್ನೆ ಅಲ್ಲ. ಫೋನ್ ಎತ್ತುವುದಿಲ್ಲ. "ನಾಳಿ ಬರ್ರಿ" ಅಂದರೆ ನಾಳೆ ಅಂತ ಅರ್ಥ ಅಲ್ಲ. ಬಿಲ್ ಇಲ್ಲ, ಫೋನ್‌ಪೇ ಇಲ್ಲ, ರೊಕ್ಕವೇ ಕೊಡಬೇಕು. ಸಪ್ಲೈಗೆ 700, ಡ್ರೈವ್‌ಗೆ 1,500, ಕೇಬಲ್‌ಗೆ 250 ತೊಗೊಂಡರು. ಕೆಲಸ ನೋಡಿದರೆ ಕಮ್ಮಿಯೇ, ಆದರೆ ಗ್ಯಾರಂಟಿ ಕೇಳಿದರೆ ನಕ್ಕುಬಿಡುತ್ತಾರೆ. ಎಲ್ಲಕ್ಕಿಂತ ಸಿಟ್ಟು ಬಂದದ್ದು ಮಾರ್ಕರ್ ಪೆನ್ನಿಗೆ. ಯಾರ ಸಾಮಾನು ಅಂತ ಗುರುತಿಗೆ ಕಂಪ್ಯೂಟರಿನ ಕೆನೆ ಬಣ್ಣದ ಮುಚ್ಚಳದ ಮೇಲೆಯೇ 'ಧಾರವಾಡ' ಅಂತ ದಪ್ಪಗೆ ಬರೆದಿಟ್ಟಿದ್ದರು. ಕೇಳಿದರೆ "ಅಳಿಸಿದ್ರ ಹೋಕ್ಕೈತಿ ತಗೋ ತಮ್ಮಾ" ಅಂತ ಅದೇ ಆಲ್ಕೊಹಾಲ್ ಬಾಟಲಿ ಮುಂದೆ ಸರಿಸಿದರು. ಮೊದಲ ದಿನ 'ರೀ' ಅಂದವರು ಅಷ್ಟೊತ್ತಿಗೆ 'ತಮ್ಮಾ'ಗೆ ಇಳಿದಿದ್ದರು, ಹಾಗಾಗಿ ಜಗಳ ಆಡಲು ಬಾಯಿ ಬರಲಿಲ್ಲ. ಅಕ್ಷರ ಹೋಯಿತು, 'ಡ'ದ ನೆರಳು ಇನ್ನೂ ಇದೆ.

ಧಾರವಾಡದಿಂದ ಹೋಗುವವರು ಚಿಗರಿ ಬಸ್ಸಿನಲ್ಲೇ ಹೋಗಬಹುದು, ನೂಕುನುಗ್ಗಲಿನ ಹೊತ್ತು ಬಿಟ್ಟು ಹೋಗಿ. ಡ್ರೈವ್ ಒಯ್ಯುವಾಗ ಬೇಡವಾದ ಒಂದು ಫ್ಲಾಪಿ ಒಳಗೆ ಹಾಕಿ ಬಾಗಿಲು ಮುಚ್ಚಿ, ಕುಲುಕಿಗೆ ಹೆಡ್ ಬಡಿಯುವುದಿಲ್ಲ. ಹೆಸರು ಬರೆದ ಚೀಟಿಯನ್ನು ಮನೆಯಿಂದಲೇ ಅಂಟಿಸಿಕೊಂಡು ಹೋಗಿ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಭಾನುವಾರ ರಜೆ. ಲ್ಯಾಪ್‌ಟಾಪ್, ಮೊಬೈಲ್ ತಂದವರನ್ನು ಕಾಕಾ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.